ಸೂಸಿ ರಗನೆಲ್ಲಿ ಗೆದ್ದದ್ದು ಮಹಿಳಾ ವಿಭಾಗದಲ್ಲೇ?

ಮುಲುಂಡ್ ವಾಸಿ:
ಹನ್ನೊಂದು ವರ್ಷದ ನನ್ನ ಮಗಳು ಪ್ರತಿ ಭಾನುವಾರ ಕಾರ್ಟ್ ಎಂಬ ಪುಟ್ಟ ರೇಸ್ ಬಂಡಿ ಓಡಿಸಲು ಹೋಗುತ್ತಾಳೆ. 1966ರಲ್ಲಿ ಕಾರ್ಟಿಂಗ್ ವಿಶ್ವ ಚಾಂಪಿಯನ್ ಆದ ಇಟಲಿಯ ಸೂಸಿ ರಗನೆಲ್ಲಿಯವರ ಚಿತ್ರವನ್ನು ಹೆಲ್ಮೆಟ್ ಇಡುವ ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಮೊನ್ನೆ ಮಾಟುಂಗಾದಲ್ಲಿ ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ನಮ್ಮ ಭಾವನವರು, "ಅದು ಹೆಂಗಸರಿಗಾಗಿ ಇಟ್ಟ ಪಂದ್ಯವಿರಬೇಕು, ಇಲ್ಲದಿದ್ದರೆ ಆಕೆ ಎಫ್1 (ಫಾರ್ಮುಲಾ 1) ಕಾರ್ ಓಟಕ್ಕೆ ಹೋಗುತ್ತಿರಲಿಲ್ಲವೇ" ಎಂದರು. ಮಗಳು ಪಾಯಸ ಮುಟ್ಟದೆ ಎದ್ದಳು. ಬಲ್ಲವರು ದಯವಿಟ್ಟು ತಿಳಿಸಬೇಕು.

ಪುಣೆಯ ಹಳಬ:
ಖಂಡಿತ ಅಲ್ಲ. 1964ರಿಂದ ನಡೆದುಬಂದಿರುವ ಆ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಆರಂಭದ ಸಾಲು, ಒಂದೇ ಬಾವುಟ. ರಗನೆಲ್ಲಿ ಗೆದ್ದದ್ದು 100 ಸಿಸಿ ಬಂಡಿಯಲ್ಲಿ. ಆ ಕಾಲದ 100 ಸಿಸಿ ಬಂಡಿಗಳಿಗೆ ಕ್ಲಚ್ ಇರಲಿಲ್ಲ, ಗೇರ್ ಇರಲಿಲ್ಲ. ತಳ್ಳಿಯೇ ಎಂಜಿನ್ ಹೊತ್ತಿಸಬೇಕಿತ್ತು. ಸಸ್ಪೆನ್ಷನ್ ಇಲ್ಲದ ಕಾರಣ ರಸ್ತೆಯ ಪ್ರತಿ ಏಟೂ ನೇರವಾಗಿ ಪಕ್ಕೆಲುಬಿಗೆ ಬೀಳುತ್ತದೆ. ಹಿಂದಿನ ಎರಡು ಚಕ್ರಗಳೂ ಒಂದೇ ಗಟ್ಟಿ ಆಕ್ಸಲ್‌ಗೆ ಬಿಗಿದಿರುವುದರಿಂದ, ತಿರುವಿನಲ್ಲಿ ಒಳಬದಿಯ ಹಿಂಚಕ್ರವನ್ನು ಕೂದಲೆಳೆಯಷ್ಟು ಮೇಲೆತ್ತಿಸದಿದ್ದರೆ ಬಂಡಿ ತಿರುಗಲು ಒಪ್ಪುವುದೇ ಇಲ್ಲ. ಇದನ್ನು ಅರಿತು ಓಡಿಸುವವರಿಗೆ ಮಾತ್ರ ಆ ಪಟ್ಟ ಸಿಗುತ್ತಿತ್ತು.

ವಾಶಿ ಓದುಗ:
ಎಫ್1 ಮಾತಿಗೆ ನನ್ನದೊಂದು ಉತ್ತರವಿದೆ. ಆರು ಬಾರಿ ಕಾರ್ಟಿಂಗ್ ವಿಶ್ವ ಚಾಂಪಿಯನ್ ಆದ ಮೈಕ್ ವಿಲ್ಸನ್ ಕೂಡ ಎಫ್1 ಓಟದಲ್ಲಿ ಭಾಗವಹಿಸಲಿಲ್ಲ, ಅವರು ಗಂಡಸೇ ಅಲ್ಲವೇ? ಕಾರ್ಟ್‌ನಿಂದ ಫಾರ್ಮುಲಾ ಕಾರಿಗೆ ಏರುವುದೆಂದರೆ ಆನೆ ಸಾಕಿದಂತೆ. ಒಂದೊಂದು ಮೆಟ್ಟಿಲಿಗೂ ಪ್ರಾಯೋಜಕರು ಬೇಕು. ಎಫ್1 ಇತಿಹಾಸದಲ್ಲಿ ಓಟ ಆರಂಭಿಸಿದ ಮಹಿಳೆಯರು ಇಬ್ಬರೇ, ಮರಿಯಾ ತೆರೇಸಾ ದೆ ಫಿಲಿಪ್ಪಿಸ್ ಮತ್ತು 1975ರ ಸ್ಪೇನ್ ಓಟದಲ್ಲಿ ಅರ್ಧ ಅಂಕ ಗಳಿಸಿದ ಲೆಲ್ಲಾ ಲೊಂಬಾರ್ಡಿ. ಇಬ್ಬರೂ ರಗನೆಲ್ಲಿಯವರ ದೇಶದವರೇ. 1976ರ ನಂತರ ಯಾರೂ ಇಲ್ಲ.

ನಮ್ಮ ಮುಂಬೈಯಲ್ಲೇ ಬೆಳೆದ ಸ್ನೇಹಾ ಶರ್ಮಾ ಅವರ ವಿಷಯವನ್ನೂ ಮಗಳಿಗೆ ತಿಳಿಸಿ. ಕಾರ್ಟಿಂಗ್‌ನಿಂದ ಆರಂಭಿಸಿ ಫಾರ್ಮುಲಾ 4ರವರೆಗೆ ಓಡಿಸಿದ ಅವರು ವಿಮಾನದ ಪೈಲಟ್ ಕೂಡ ಹೌದು.

ಮುಲುಂಡ್ ವಾಸಿ:
ಇಬ್ಬರಿಗೂ ಕೃತಜ್ಞತೆಗಳು. ಭಾವನವರಿಗೆ ಎಲ್ಲವನ್ನೂ ಕಳುಹಿಸಿದೆ, ಈವರೆಗೆ ಮರುಮಾತಿಲ್ಲ. ಇನ್ನೊಂದು ಸಂದೇಹ. ಮುಂದಿನ ತಿಂಗಳು ಕೊಲ್ಹಾಪುರದ ಮೊಹಿತೆ ಟ್ರ್ಯಾಕಿನಲ್ಲಿ ಅಭ್ಯಾಸಕ್ಕೆ ಹೋಗುವವರಿದ್ದೇವೆ. ಮಗಳು ತೂಕದಲ್ಲಿ ತೀರ ಹಗುರ. ಅದರಿಂದ ಅವಳಿಗೆ ಲಾಭವೇ, ನಷ್ಟವೇ?

ಪುಣೆಯ ಹಳಬ:
ಪಂದ್ಯದಲ್ಲಿ ಎರಡೂ ಅಲ್ಲ. ಚಾಲಕರೂ ಬಂಡಿಯೂ ಸೇರಿ ಇಷ್ಟು ಕನಿಷ್ಠ ತೂಕವೆಂಬ ನಿಯಮವಿರುವುದರಿಂದ, ಕಡಿಮೆ ಬಿದ್ದಷ್ಟಕ್ಕೆ ಸೀಟಿಗೆ ಸೀಸದ ತಗಡುಗಳನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಹಗುರವಾದವರಿಗೆ ಆ ಸೀಸವನ್ನು ಬೇಕಾದ ಕಡೆ ಕೂರಿಸಿ ಬಂಡಿಯ ಸಮತೋಲ ಹೊಂದಿಸುವ ಅನುಕೂಲವೊಂದಿದೆ. ಬೋಲ್ಟುಗಳನ್ನು ಓಟಕ್ಕೆ ಮುನ್ನ ನೀವೇ ಒಮ್ಮೆ ತಿರುವಿ ನೋಡಿ. ಪಕ್ಕೆಲುಬಿನ ಕವಚವಿಲ್ಲದೆ ಮಗುವನ್ನು ಕೂರಿಸಬೇಡಿ.