ಓಲ್ಡಮ್ ಊರಿನ ಹಳೇ ನಕ್ಷೆ: ಪ್ರತಿ ಮಿಲ್ ಪಕ್ಕ ಚೌಕ ಹೊಂಡ ಯಾಕೆ?

ಮಿಲ್ ಮುತ್ಯಾನ ಮೊಮ್ಮಗ, ಕಲಬುರಗಿ

ನಮ್ಮ ಮುತ್ಯಾ ಬಟ್ಟೆ ಮಿಲ್‌ನಲ್ಲಿ ದುಡಿದವರು. ಮಿಲ್ ನಿಂತ ಮೇಲೆ ಗುಜರಿಯವರ ಹತ್ತಿರ ಒಂದು ಕಬ್ಬಿಣದ ಪಟ್ಟಿ ಕೊಂಡು ತಂದಿದ್ದರು. ಅಂಗೈ ಅಗಲ ಇದೆ. ಅದರ ಮೇಲೆ ಉಬ್ಬಿದ ಇಂಗ್ಲಿಷ್ ಅಕ್ಷರ: ‘ಪ್ಲಾಟ್ ಬ್ರದರ್ಸ್, ಓಲ್ಡಮ್’. ಅಕ್ಷರಗಳ ಸಂದಿಯಲ್ಲಿ ಇನ್ನೂ ಹಸಿರು ಬಣ್ಣ ಉಳಿದಿದೆ. ಮಾಳಿಗೆ ಮೇಲೆ ಶ್ಯಾವಿಗೆ ಒಣಹಾಕುವಾಗ ಬಟ್ಟೆ ಹಾರದಂತೆ ಅವ್ವ ಅದನ್ನೇ ಇಡುತ್ತಾಳೆ. ಓಲ್ಡಮ್ ಅಂದರೆ ಮಾಲೀಕನ ಹೆಸರು ಅಂದುಕೊಂಡಿದ್ದೆ. ಅದು ಇಂಗ್ಲೆಂಡಿನ ಊರು, ಪ್ಲಾಟ್‌ನವರು ಅಲ್ಲಿ ನೂಲುವ ಯಂತ್ರ ಮಾಡುತ್ತಿದ್ದವರು ಅಂತ ಗೊತ್ತಾಗಿದ್ದು ಮೊನ್ನೆ.

ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದವರು ಇಂಗ್ಲೆಂಡಿನ ಹಳೇ ಆರ್ಡನನ್ಸ್ ಸರ್ವೆ (ಅಲ್ಲಿನ ಸರ್ಕಾರಿ ನಕ್ಷೆ ಇಲಾಖೆ) ನಕ್ಷೆಗಳನ್ನೂ ಪುಕ್ಕಟೆ ನೋಡಲು ಇಟ್ಟಿದ್ದಾರೆ. ಎಡಕ್ಕೆ ಹಳೇ ಹಾಳೆ, ಬಲಕ್ಕೆ ಈಗಿನ ಉಪಗ್ರಹ ಚಿತ್ರ. ಮೂರು ರಾತ್ರಿಯಿಂದ ಅದರಲ್ಲೇ ಇದ್ದೇನೆ. 1840ರ ದಶಕದ ಹಾಳೆಯಲ್ಲಿ ಊರ ಸುತ್ತ ಹೊಲ, ಕಲ್ಲಿದ್ದಲ ಗುಂಡಿ. 1890ರ ದಶಕದ ಹಾಳೆಗೆ ಬಂದರೆ ಎಲ್ಲಿ ನೋಡಿದರೂ ಮಿಲ್. ವರ್ನೆತ್ ಸ್ಟೇಷನ್ ಮಗ್ಗುಲಲ್ಲಿ ‘ಹಾರ್ಟ್‌ಫರ್ಡ್ ವರ್ಕ್ಸ್’ ಅಂತ ಭಾರಿ ಕಾರ್ಖಾನೆ. ಪ್ಲಾಟ್‌ನವರದ್ದೇ! ಪಟ್ಟಿಯನ್ನು ತಂದು ಪರದೆ ಪಕ್ಕ ಇಟ್ಟುಕೊಂಡು ಎಷ್ಟೋ ಹೊತ್ತು ನೋಡಿದೆ.

ಮಿಲ್ ಇದ್ದಲ್ಲೆಲ್ಲ ಪಕ್ಕಕ್ಕೆ ಒಂದು ಚೌಕ ಹೊಂಡ ಇದೆ, ‘ರಿಸರ್ವಾಯರ್’ ಅಂತ ಬರೆದಿದೆ. ಕುಡಿಯುವ ನೀರಾ? ಮತ್ತೆ, ಒಂದೇ ಹಾಳೆ ಮೇಲೆ ಎರಡು ಮೂರು ಇಸವಿ ಇರುತ್ತವೆ. ಯಾವುದನ್ನು ಹಿಡಿಯಬೇಕು?

ಬಾಯ್ಲರ್ ಕಾಕಾ, ಶಹಾಬಾದ್

ಕುಡಿಯುವ ನೀರಲ್ಲ ತಮ್ಮಾ. 26 ವರ್ಷ ಬಾಯ್ಲರ್ ಮುಂದೆ ನಿಂತವನು ನಾನು, ಹೇಳ್ತೀನಿ ಕೇಳು. ಆ ಮಿಲ್‌ಗಳು ಓಡುತ್ತಿದ್ದದ್ದು ಉಗಿ ಎಂಜಿನ್ ಮೇಲೆ. ಕೆಲಸ ಮುಗಿಸಿದ ಉಗಿಯನ್ನು ಸುಮ್ನೆ ಹೊರಗೆ ಬಿಟ್ಟರೆ ನಷ್ಟ. ಕಂಡೆನ್ಸರ್‌ನಲ್ಲಿ ತಣ್ಣೀರು ಕೊಟ್ಟರೆ ಉಗಿ ಕುಗ್ಗಿ ನೀರಾಗುತ್ತದೆ, ಅಲ್ಲಿ ನಿರ್ವಾತ ಹುಟ್ಟುತ್ತದೆ. ಆ ನಿರ್ವಾತದ ಎಳೆತ ಸೇರಿ, ಅಷ್ಟೇ ಕಲ್ಲಿದ್ದಲಿಗೆ ಎಂಜಿನ್ ಜಾಸ್ತಿ ಕೆಲಸ ಮಾಡುತ್ತದೆ. ಇದಕ್ಕೆ ರಾಶಿ ನೀರು ಬೇಕು. ಬಿಸಿಯಾದ ನೀರು ಹೊಂಡಕ್ಕೆ ಬಂದು, ಆರಿ, ತಿರುಗಿ ಒಳಗೆ ಹೋಗುತ್ತದೆ. ಅಲ್ಲಿಯವರು ಆ ಹೊಂಡಕ್ಕೆ ‘ಲಾಡ್ಜ್’ ಅನ್ನುತ್ತಾರೆ. ನೀರು ಸದಾ ಬೆಚ್ಚಗಿದ್ದದ್ದಕ್ಕೆ ಕೆಲವು ಕಡೆ ಗೋಲ್ಡ್‌ಫಿಶ್ ಬೆಳೆಯುತ್ತಿದ್ದವಂತೆ. ಓಲ್ಡಮ್ ಇರೋದು ಗುಡ್ಡದ ಮೇಲೆ, ದೊಡ್ಡ ಹೊಳೆ ಇಲ್ಲ. ಹೊಂಡ ತೋಡಿಕೊಂಡರೆ ಹೊಳೆಯ ಹಂಗೇ ಬೇಡ ಅಲ್ವಾ?

ಸರಪಳಿ ಅಳತೆ, ಯಾದಗಿರಿ

ಸರ್ವೆ ಕೆಲಸದವಳು ನಾನು. ಹಾಳೆಯ ಅಂಚಿನಲ್ಲಿ ಅಳೆದ ವರ್ಷ, ತಿದ್ದಿದ ವರ್ಷ, ಅಚ್ಚಾದ ವರ್ಷ ಬೇರೆ ಬೇರೆ ಇರುತ್ತವೆ. ಅಚ್ಚಾದ ವರ್ಷ ಬಿಡಿ. ತಿದ್ದಿದ ವರ್ಷ ಇದ್ದರೆ ಅದು, ಇಲ್ಲದಿದ್ದರೆ ಅಳೆದ ವರ್ಷ ಹಿಡಿಯಿರಿ. ಮೈಲಿಗೆ 25 ಇಂಚಿನ ಹಾಳೆ (ನೆಲದ ಒಂದು ಮೈಲಿಯನ್ನು ಕಾಗದದಲ್ಲಿ 25 ಇಂಚಾಗಿ ತೋರಿಸುವಂಥದ್ದು) ಸಿಕ್ಕರೆ ಅದನ್ನೇ ನೋಡಿ, ಒಂದೊಂದು ಕಟ್ಟಡದ ಆಕಾರವೂ ಸರಿಯಾಗಿ ಕಾಣುತ್ತದೆ. 4,000ಕ್ಕಿಂತ ಜಾಸ್ತಿ ಜನ ಇದ್ದ ಊರುಗಳಿಗೆ 1:500 ಅಳತೆಯ, ಅಂದರೆ ನೆಲದ 500 ಇಂಚನ್ನು ಒಂದೇ ಇಂಚಿನಲ್ಲಿ ತೋರಿಸುವ, ನಕ್ಷೆಯನ್ನೂ ಮಾಡಿದ್ದರು. ಅದರಲ್ಲಿ ಬೀದಿ ದೀಪದ ಕಂಬ ಕೂಡ ಗುರುತು ಹಾಕಿರುತ್ತಾರೆ. ಅಷ್ಟು ಶ್ರದ್ಧೆಯಿಂದ ಅಳೆದವರನ್ನು ನೆನೆದರೆ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

ಮಿಲ್ ಮುತ್ಯಾನ ಮೊಮ್ಮಗ, ಕಲಬುರಗಿ

ಅಕ್ಕಾ, ನೀವು ಹೇಳಿದ ಹಾಗೆ ಅಂಚು ನೋಡಿ ಹಾಳೆಗಳನ್ನು ವರ್ಷದ ಪ್ರಕಾರ ಜೋಡಿಸಿದೆ. ಎಲ್ಕ್ ಮಿಲ್ ಅಂತ ಒಂದಿತ್ತು. 1926ರಲ್ಲಿ ಕಟ್ಟಿದ್ದು, ಹಾಗಾಗಿ ಮೊದಲಿನ ಹಾಳೆಗಳಲ್ಲಿ ಇಲ್ಲ. 1998ರಲ್ಲಿ ಅಲ್ಲೂ ನೂಲುವುದು ನಿಂತಿತು. ಈಗಿನ ಚಿತ್ರದಲ್ಲಿ ಅಲ್ಲಿ ಅಂಗಡಿ ಸಾಲು, ಕಾರು ನಿಲ್ಲಿಸುವ ಜಾಗ. ಒಂದು ಕಾಲಕ್ಕೆ 1 ಕೋಟಿ 60 ಲಕ್ಷ ಕದಿರು ತಿರುಗುತ್ತಿದ್ದ ಊರು ಅದು.

ಕಾಕಾ, ನಿಮ್ಮ ಉತ್ತರವನ್ನು ಅವ್ವನಿಗೆ ಓದಿ ಹೇಳಿದೆ. ಮುತ್ಯಾನ ಮಿಲ್ ಹಿಂದೆಯೂ ಒಂದು ಚೌಕ ಹೊಂಡ ಇತ್ತಂತೆ. ಬುತ್ತಿ ಕೊಡಲು ಹೋದಾಗ ಚಳಿಗಾಲದಲ್ಲಿ ಅದರಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳಂತೆ, ನೀರು ಬೆಚ್ಚಗಿರುತ್ತಿತ್ತು ಅಂತ. ಯಾಕೆ ಬೆಚ್ಚಗಿತ್ತು ಅಂತ ಅವಳಿಗೆ ಇವತ್ತೇ ಗೊತ್ತಾಗಿದ್ದು.