ಗಿರಕಿ ಹೊಡೆಯುವ ಕುರಿ, ಹಟ್ಟಿಯ ನಾಯಿ, ಲಾಡಿಹುಳು: ಈ ವಾರದ ಪ್ರಶ್ನೋತ್ತರ

ಚಳ್ಳಕೆರೆ ಸದಸ್ಯ: ಸಾರ್, ಮರಿ ಹಿಕ್ಕೇಲಿ ಅನ್ನದ ಅಗುಳಿನಂಗೆ ಬೀಳ್ತೈತೆ. ಏನಿದು?

ಡಾಕ್ಟರ್: ಮೊನೀಜಿಯಾ, ಕುರಿಯದೇ ಲಾಡಿಹುಳು. ಹುಲ್ಲಿನ ಬುಡದ ಸಣ್ಣ ನುಸಿಯನ್ನು ಮೇವಿನ ಜೊತೆ ನುಂಗಿದರೆ ಬರುತ್ತದೆ. ಫೆನ್‌ಬೆಂಡಜೋಲ್, ಕಿಲೋ ತೂಕಕ್ಕೆ 10 ಮಿ.ಗ್ರಾಂ. ಮರಿಯನ್ನು ತೂಗಿಯೇ ಕೊಡಿ.

ಕೊಪ್ಪಳ ಸದಸ್ಯ: ಡಾಕ್ಟ್ರೇ, ವರ್ಷದ ಟಗರು ಎಡಕ್ಕ ಗಿರಕಿ ಹೊಡಿತೈತಿ. ಗೋಡಿಗೆ ಹಣಿ ಹಚ್ಚಿ ನಿಂದರತೈತಿ. ಬಲಗಣ್ಣು ಕಾಣಂಗಿಲ್ಲ ಅನಸ್ತೈತಿ. ಹದಿನೈದು ದಿನ ಆತು, ಜ್ವರ ಇಲ್ಲ.

ಡಾಕ್ಟರ್: ಇದು ಸ್ವಲ್ಪ ಯೋಚನೆ ಮಾಡಬೇಕಾದ ಕೇಸು. ಮೊದಲು, ಬಾಯಿಗೆ ಕೈ ಹಾಕಬೇಡಿ. ಹುಚ್ಚುನಾಯಿ ಕಚ್ಚಿದ್ದರೂ ಕುರಿ ವಿಚಿತ್ರವಾಗಿ ಆಡುತ್ತದೆ. ಆದರೆ ಆ ರೋಗದಲ್ಲಿ ಹದಿನೈದು ದಿನ ಉಳಿಯುವುದು ಕಷ್ಟ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾದ ಸೋಂಕು ಆಗಿದ್ದರೆ ಸಾಮಾನ್ಯವಾಗಿ ಜ್ವರ ಬಂದು ಒಂದು ಕಿವಿ, ತುಟಿ ಜೋತು ಬೀಳುತ್ತಿತ್ತು. ವಿಟಮಿನ್ ಬಿ1 ಕೊರತೆಯಲ್ಲಿ ತಲೆ ಮೇಲಕ್ಕೆತ್ತಿ ಆಕಾಶ ನೋಡುತ್ತದೆ. ನೀವು ಹೇಳಿದ್ದೆಲ್ಲ ಮಿದುಳಿನಲ್ಲಿ ನೀರುಗುಳ್ಳೆ ಎನ್ನುತ್ತಿದೆ. ಸಾಮಾನ್ಯವಾಗಿ ಗುಳ್ಳೆ ಇರುವ ಕಡೆಗೇ ಗಿರಕಿ, ಎದುರು ಕಡೆಯ ಕಣ್ಣು ಮಂಜು: ಹಾಗಾದರೆ ಎಡಕ್ಕಿದೆ. ಕೊಂಬಿನ ಬುಡದ ಹಿಂದೆ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಮೂಳೆ ತೆಳುವಾಗಿ ಒಳಕ್ಕೆ ಜಗ್ಗಿದರೆ ಹೇಳಿ. ಜಗ್ಗದಿದ್ದರೆ ಗುಳ್ಳೆ ಇಲ್ಲ ಎಂದಲ್ಲ.

ಇದು ಬರುವುದು ನಾಯಿಯ ಹೊಟ್ಟೆಯಿಂದ. ಟೀನಿಯಾ ಮಲ್ಟಿಸೆಪ್ಸ್ ಎಂಬ ಲಾಡಿಹುಳು ಅಲ್ಲಿ ಮೊಳದುದ್ದದಿಂದ ಮೀಟರಿನವರೆಗೆ ಬೆಳೆಯುತ್ತದೆ. ಮೊಟ್ಟೆ ತುಂಬಿದ ತುಂಡುಗಳು ಲದ್ದಿಯಲ್ಲಿ ಬಿದ್ದು ಹುಲ್ಲಿಗೆ ಅಂಟುತ್ತವೆ. ಕುರಿ ಮೇಯ್ದರೆ ಮರಿಹುಳು ರಕ್ತದಲ್ಲಿ ಮಿದುಳಿಗೆ ಸೇರಿ, ಕೆಲವು ತಿಂಗಳಲ್ಲಿ ನಿಂಬೆಹಣ್ಣಿನಷ್ಟು ಪೊರೆ ಚೀಲವಾಗುತ್ತದೆ. ಸೀಳಿದರೆ ತಿಳಿನೀರು, ಒಳಗೋಡೆಗೆ ಗಸಗಸೆ ಚೆಲ್ಲಿದಂತೆ ಗುಂಪು ಗುಂಪು ಬಿಳಿ ಕಾಳು. ಪ್ರತಿ ಕಾಳೂ ಒಂದು ತಲೆ, ನೂರಾರು ಇರಬಹುದು. ಆ ಮಿದುಳನ್ನು ನಾಯಿ ತಿಂದರೆ ಒಂದೊಂದು ತಲೆಯೂ ಒಂದೊಂದು ಹುಳು.

ಕುರಿ ಕಡಿದರೆ ತಲೆಯನ್ನು ಸುಟ್ಟುಬಿಡಿ, ಇಲ್ಲವೇ ನಾಯಿ ಕೆದರದಷ್ಟು ಆಳಕ್ಕೆ ಹೂಳಿ. ನಾಯಿಗೆ ಪ್ರಾಜಿಕ್ವಾಂಟೆಲ್ ಕಿಲೋಗೆ 5 ಮಿ.ಗ್ರಾಂ, 20 ಕಿಲೋಗೆ 100. ಆರು ವಾರಕ್ಕೊಮ್ಮೆ. ಅದು ಹುಳು ಕೊಲ್ಲುತ್ತದೆ, ಮೊಟ್ಟೆ ಕೊಲ್ಲುವುದಿಲ್ಲ. ಎರಡು ದಿನ ಕಟ್ಟಿಹಾಕಿ ಲದ್ದಿ ಹೂಳಿ. ಫಿನೈಲಿಗೆ ಆ ಮೊಟ್ಟೆ ಸಾಯುವುದಿಲ್ಲ. ಐವರ್‌ಮೆಕ್ಟಿನ್ ಲಾಡಿಹುಳಕ್ಕೆ ನಾಟುವುದಿಲ್ಲ.

ಹಾವೇರಿ ಸದಸ್ಯ: ಫಾರ್ವರ್ಡ್: ಗಿರಕಿ ರೋಗಕ್ಕೆ ನೆತ್ತಿಗೆ ಬರೆ, ಮೈಲುತುತ್ತದ ನೀರು. ನಾಯಿಗೆ ಅಡಿಕೆ ಪುಡಿ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಕಳಿಸಬೇಡಿ. ಬರೆಗೆ ಚರ್ಮ ಸುಡುತ್ತದೆ, ಗುಳ್ಳೆ ಮೂಳೆಯ ಕೆಳಗಿದೆ. ಮೈಲುತುತ್ತದಲ್ಲಿರುವ ತಾಮ್ರ ಕುರಿಗೆ ಬೇಗ ವಿಷವಾಗುತ್ತದೆ: ಕಣ್ಣು ಹಳದಿ, ಉಚ್ಚೆ ಕೆಂಪು, ಆಮೇಲೆ ಸಾವು. ಅಡಿಕೆಯ ಅರೆಕೋಲಿನ್ ಹಿಂದೆ ನಾಯಿಗೆ ಕೊಡುತ್ತಿದ್ದದ್ದು ನಿಜ. ಅದು ಭೇದಿ ಮಾಡಿಸಿ ಹುಳುವನ್ನು ಮೊಟ್ಟೆ ಸಮೇತ ಹೊರಹಾಕುತ್ತದೆ, ಪುಡಿಯಲ್ಲಿ ಪ್ರಮಾಣವೂ ಗೊತ್ತಾಗುವುದಿಲ್ಲ.

ಹಾವೇರಿ ಸದಸ್ಯ: ನಮ್ಮಜ್ಜನ ಕಾಲದಿಂದ ಮಾಡ್ಕೊಂಡು ಬಂದೀವ್ರೀ.

ಡಾಕ್ಟರ್: ಗಿರಕಿ ರೋಗವೂ ಅಜ್ಜನ ಕಾಲದಿಂದಲೇ ಬಂದಿದೆ.

ಶಿರಾ ಸದಸ್ಯ: ನಾಯಿಗೆ ಯಾಕೆ ಬೈತೀರಿ? ನಮ್ಮದು ಗುಂಡುಕಲ್ಲಿನಂಗೈತೆ. ಹುಳ ಇದ್ರೆ ಸೊರಗಬೇಕಿತ್ತಲ್ಲ?

ಚಳ್ಳಕೆರೆ ಸದಸ್ಯ: ಲಾಡಿಹುಳ ಇದ್ರೂ ನಾಯಿ ಗುಂಡುಕಲ್ಲಿನಂಗೇ ಇರ್ತದೆ, ಅದೇ ತೊಂದ್ರೆ. ಹಬ್ಬದ ದಿನ ತಲೆಬುರುಡೆ ಎಸೆಯೋರು ಯಾರು ಅಂತ ಊರಿಗೇ ಗೊತ್ತು.

ಶಿರಾ ಸದಸ್ಯ: ಹೆಸರು ಹೇಳಿ ಮಾತಾಡಣ್ಣ. ನಿನ್ನ ಮಂದೆ ಕಟ್ಟೋದೆಲ್ಲಿ, ಕೆರೆ ಅಂಗಳದಲ್ಲಿ ಅಲ್ವಾ? ಬೀದಿನಾಯಿಗಳೆಲ್ಲ ಅಲ್ಲೇ.

ಚಳ್ಳಕೆರೆ ಸದಸ್ಯ: ಬೀದಿನಾಯಿಗೆ ಬುರುಡೆ ಆಕಾಶದಿಂದ ಬೀಳ್ತದಾ?

ಬೀದರ್ ವಿದ್ಯಾರ್ಥಿನಿ: ಸರ್, ವೀಸೆಲ್, ಮಾರ್ಟೆನ್ ಎಂಬ ಸಣ್ಣ ಬೇಟೆಪ್ರಾಣಿಗಳ ಲಾಡಿಹುಳುಗಳೂ ಇದೇ ಟೀನಿಯಾ ಕುಲಕ್ಕೆ ಸೇರುತ್ತವೆಯೇ?

ಡಾಕ್ಟರ್: ಮಾರ್ಟೆನ್‌ನ ಟೀನಿಯಾ ಮಾರ್ಟಿಸ್ ಇದೇ ಕುಲ. ವೀಸೆಲ್‌ನ ಟೀನಿಯಾ ಮಸ್ಟೆಲೆಯನ್ನು 2013ರಲ್ಲಿ ವರ್ಸ್ಟೇರಿಯಾ ಎಂಬ ಹೊಸ ಕುಲಕ್ಕೆ ಹಾಕಿದರು. ಸೂತ್ರ ಒಂದೇ: ಕುರಿಯ ಜಾಗದಲ್ಲಿ ವೋಲ್ ಎಂಬ ಹೊಲದಿಲಿ, ನಾಯಿಯ ಜಾಗದಲ್ಲಿ ಅದನ್ನು ಬೇಟೆಯಾಡುವ ಪ್ರಾಣಿ. ಮಲ್ಟಿಸೆಪ್ಸ್ ಕೂಡ ಒಂದು ಕಾಲಕ್ಕೆ ಬೇರೆ ಕುಲವೇ ಆಗಿತ್ತು, ಬಹುತಲೆಯ ಗುಳ್ಳೆಯ ಕಾರಣಕ್ಕೆ.

ಗದಗ ಸದಸ್ಯ: ಆಪರೇಶನ್ನಿಗೆ ಎಷ್ಟು ಖರ್ಚು ಬರ್ತೈತಿ?

ಶಿರಾ ಸದಸ್ಯ: ಮೊದಲು ಚಳ್ಳಕೆರೆಯವರು ಕ್ಷಮೆ ಕೇಳಲಿ.

ಕೊಪ್ಪಳ ಸದಸ್ಯ: ಡಾಕ್ಟ್ರೇ, ಒತ್ತಿ ನೋಡಿದ್ನಿರಿ. ಎಡಕೊಂಬಿನ ಹಿಂದ ಮೆತ್ತಗ ಐತಿ.

ಡಾಕ್ಟರ್: ಹಾಗಾದರೆ ಗುಳ್ಳೆ ಮೇಲ್ಗಡೆಯೇ ಇರಬಹುದು, ತೆಗೆಯಬಹುದು. ಬೆರಳು ಹೋಗುವಷ್ಟು ರಂಧ್ರ ಕೊರೆದು, ಸಿರಿಂಜಿನಲ್ಲಿ ನೀರು ಎಳೆದು, ಪೊರೆ ಈಚೆಗೆ ತರುತ್ತಾರೆ. ಪೊರೆ ಹರಿದು ಒಳಗೆ ಉಳಿದರೆ ಮತ್ತೆ ಬೆಳೆಯಬಹುದು, ಕೈಪಳಗಿದವರ ಹತ್ತಿರವೇ ಹೋಗಿ. ಇನ್ನು ಒತ್ತಬೇಡಿ. ಇಂದು ರಾತ್ರಿ ಮೇವು ಹಾಕಬೇಡಿ, ಬೆಳಿಗ್ಗೆ ಹೊರಡಿ. ನಾಯಿಯ ಮಾತ್ರೆ ಇವತ್ತೇ.

ಬಳ್ಳಾರಿ ಸದಸ್ಯ: ಸಾರ್, ನಮ್ಮ ಮರಿ ಹಿಕ್ಕೇಲಿ ಅಕ್ಕಿ ಕಾಳಿನಂಗೆ ಬೀಳ್ತೈತಿ, ಏನು ಮಾಡ್ಲಿ?

ಡಾಕ್ಟರ್: ಮೇಲೆ ಓದಿ.