ಹೋಸ್ಟ್ ಅಂದರೆ ಇಲ್ಲಿ ಯಾವುದು?

ಗೆಳೆಯರೆ, ಒಂದು ಪದದ ಬಳಕೆ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಕ್ಯೂಎಮು (ವರ್ಚುವಲ್ ಮೆಷೀನ್ ಓಡಿಸುವ ಸಾಫ್ಟ್‌ವೇರ್) ಪರೀಕ್ಷಿಸುವ ಒಂದು ಶೆಲ್ ಸ್ಕ್ರಿಪ್ಟನ್ನು ರಿವ್ಯೂ ಮಾಡುತ್ತಿದ್ದೇನೆ. ಅದು ಓಡುವುದು ಡಾಕರ್ ಕಂಟೇನರ್ ಒಳಗೆ, ಅಂದರೆ ಮೆಷೀನಿನ ಉಳಿದ ಭಾಗದಿಂದ ಬೇರ್ಪಡಿಸಿದ ಜಾಗದಲ್ಲಿ. ಅದರಲ್ಲೊಂದು ಕನ್ನಡ ಟಿಪ್ಪಣಿ ಹೀಗಿದೆ: "ಹೋಸ್ಟ್‌ನಲ್ಲಿ ಕೆವಿಎಂ ಇಲ್ಲದಿದ್ದರೆ ಈ ಟೆಸ್ಟ್ ಬಿಟ್ಟು ಮುಂದೆ ಹೋಗು." (ಕೆವಿಎಂ ಅಂದರೆ ವರ್ಚುವಲ್ ಮೆಷೀನುಗಳನ್ನು ವೇಗವಾಗಿ ಓಡಿಸಲು ಲಿನಕ್ಸಿನ ತಿರುಳಾದ ಕರ್ನಲ್ ಕೊಡುವ ಸೌಲಭ್ಯ.)

ಯಾವ ಹೋಸ್ಟ್? ವರ್ಚುವಲ್ ಮೆಷೀನ್ ಕೆಲಸದವರಿಗೆ ಒಳಗೆ ಓಡುವುದು ಗೆಸ್ಟ್, ಅದನ್ನು ಓಡಿಸುವ ಕಡೆ ಹೋಸ್ಟ್. ಕಂಟೇನರ್ ಬಳಸುವವರಿಗೆ ಹೋಸ್ಟ್ ಅಂದರೆ ಕಂಟೇನರಿನ ಹೊರಗಿರುವ ಮೆಷೀನ್. ಇಲ್ಲಿ ಎರಡೂ ಒಟ್ಟಿಗೆ ಬಂದಿವೆ, ಹಾಗಾಗಿ ಕ್ಯೂಎಮು ಕಡೆಯಿಂದ ನೋಡಿದರೆ ಕಂಟೇನರೇ ಹೋಸ್ಟ್, ಡಾಕರ್ ಕಡೆಯಿಂದ ನೋಡಿದರೆ ಅಲ್ಲ.

ಇದು ಸುಮ್ನೆ ಪದದ ಜಗಳ ಅಲ್ಲ. ಕಂಟೇನರಿಗೆ ಸ್ವಂತ ಕರ್ನಲ್ ಇರುವುದಿಲ್ಲ. ಒಳಗೆ ಕರ್ನಲ್ ಆವೃತ್ತಿ ಕೇಳಿದರೆ ಹೊರಗಿನ ಮೆಷೀನಿನದೇ ಬರುತ್ತದೆ, ಆದರೆ ಡಿಸ್ಟ್ರೋ ಹೆಸರು, ಲೈಬ್ರರಿಗಳೆಲ್ಲ ಆ ಕಂಟೇನರ್ ಹುಟ್ಟಿದ ಇಮೇಜಿನವು. ಕೆವಿಎಂ 2007ರಿಂದ ಲಿನಕ್ಸ್ ಕರ್ನಲ್ಲಿನಲ್ಲೇ ಇದೆ. ಮೆಷೀನಿನಲ್ಲಿ ಅದು ಸರಿಯಾಗಿ ಕೆಲಸ ಮಾಡುತ್ತಿದ್ದರೂ, ಕಂಟೇನರ್ ಶುರು ಮಾಡುವಾಗ ಕೆವಿಎಂ ಡಿವೈಸ್ ಫೈಲನ್ನು ಒಳಗೆ ಕೊಡದಿದ್ದರೆ ಸ್ಕ್ರಿಪ್ಟಿಗೆ ಕಾಣುವುದಿಲ್ಲ. ಆಗ ಟೆಸ್ಟ್ ಓಡುವುದೇ ಇಲ್ಲ, ಆದರೂ ಎಕ್ಸಿಟ್ ಕೋಡ್ 0 (ಯಶಸ್ಸು ಅಂತ ಅರ್ಥ) ಬರುವುದರಿಂದ ರಿಪೋರ್ಟಿನಲ್ಲಿ ಪಾಸ್ ಅಂತ ಕಾಣುತ್ತದೆ! ಟಿಪ್ಪಣಿ ಓದಿದವರು "ನಮ್ಮ ಮೆಷೀನಿನಲ್ಲಿ ಕೆವಿಎಂ ಇದೆಯಲ್ಲ, ಟೆಸ್ಟ್ ಓಡಿರುತ್ತೆ" ಅಂದುಕೊಳ್ಳುವುದು ಸಹಜ ಅಲ್ವಾ? (0 ಬದಲು 77 ಕೊಡಿ ಅಂತ ರಿವ್ಯೂನಲ್ಲಿ ಬರೆದಿದ್ದೇನೆ, ಬಿಲ್ಡ್ ಟೂಲುಗಳಾದ ಆಟೋಮೇಕ್, ಮೆಸಾನ್ ಎರಡೂ ಅದನ್ನು ಸ್ಕಿಪ್ ಅಂತಲೇ ಲೆಕ್ಕ ಹಾಕುತ್ತವೆ.)

ಅತಿಥಿ, ಆತಿಥೇಯ ಅಂತ ಬರೆಯುವ ಸಲಹೆಯೂ ಬಂದಿದೆ. ನನಗೆ ಒಪ್ಪಿಗೆಯಿಲ್ಲ. ಬೇಗ ಓದುವಾಗ ಎರಡೂ ಒಂದೇ ಥರ ಕಾಣುತ್ತವೆ, ಆತಿಥೇಯ ಯಾರು ಅನ್ನುವ ಗೊಂದಲವೂ ಹಾಗೇ ಉಳಿಯುತ್ತದೆ. ಈ ಫೈಲಿನಲ್ಲಿ ಹೋಸ್ಟ್ ಅನ್ನುವುದನ್ನೇ ಬಿಟ್ಟು "ಹೊರಗಿನ ಮೆಷೀನ್", "ಕಂಟೇನರ್", "ಗೆಸ್ಟ್" ಅಂತ ಬರೆಯುವುದು ನನಗೆ ಸರಿ ಅನ್ನಿಸುತ್ತದೆ. ಆಗ ಆ ಸಾಲು "ಕಂಟೇನರ್ ಒಳಗೆ ಕೆವಿಎಂ ಡಿವೈಸ್ ಕಾಣದಿದ್ದರೆ ಸ್ಕಿಪ್ ಮಾಡು" ಅಂತ ಆಗುತ್ತದೆ.

ಒಂದೇ ತೊಡಕು. ಎಷ್ಟೋ ಕಡೆ ಈ ಟೆಸ್ಟುಗಳು ಓಡುವ ಹೊರಗಿನ ಮೆಷೀನೂ ಒಂದು ವರ್ಚುವಲ್ ಮೆಷೀನೇ ಆಗಿರುತ್ತದೆ. ಆಗ ಅದನ್ನೂ, ಅದರಾಚೆಗಿನ ನಿಜವಾದ ಹಾರ್ಡ್‌ವೇರನ್ನೂ ನೀವು ಏನಂತ ಕರೆಯುತ್ತೀರಿ?